ಟ್ಯಾಂಕಿನವನಿಗೆ ಸನ್ಮಾನ

ಜನವರಿ 12

ಪ್ರೀತಿಯ ಅಕ್ಕಾ,

ಪತ್ರ ಬರೆಯದೆ ಐದು ತಿಂಗಳಾಯಿತು. ಬೈಯುವುದಿದ್ದರೆ ಇದನ್ನು ಪೂರ್ತಿ ಓದಿ ಆಮೇಲೆ ಬೈಯಿ. ನಿನ್ನ ತಮ್ಮನಿಗೆ ಪ್ರಶಸ್ತಿ ಬಂದಿದೆ. ತಮಾಷೆಯಲ್ಲ, ಪುರಸಭೆಯ ಈ ವರ್ಷದ ಉತ್ತಮ ನೌಕರ ಪ್ರಶಸ್ತಿ. ಇದೇ ಇಪ್ಪತ್ತೆಂಟಕ್ಕೆ ತಿಂಗಳ ಸಭೆ ಇದೆ, ಅಲ್ಲಿ ಕೊಡುತ್ತಾರೆ.

ಮೊನ್ನೆ ಕಾರ್ಯದರ್ಶಿಗಳು ಹೇಳಿಕಳಿಸಿದರು. ಹೋಗಿ ಎಂದಿನಂತೆ ಬಾಗಿಲಲ್ಲೇ ನಿಂತೆ. "ಯಾಕ್ರೀ ಅಲ್ಲೇ ನಿಂತ್ಬಿಟ್ರಿ? ಬನ್ನಿ, ಕೂತ್ಕೊಳ್ಳಿ" ಅಂದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಆ ಕೋಣೆಯಲ್ಲಿ ನನಗೆ ಬಹುವಚನ ಸಿಕ್ಕಿದ್ದು ಇದೇ ಮೊದಲು. ನನ್ನ ಹಿಂದೆ ಬೇರೆ ಯಾರೋ ಬಂದಿದ್ದಾರೆಂದು ತಿರುಗಿ ನೋಡಿದೆ. ಟೀ ಕೂಡ ತರಿಸಿದರು. ನೀನು ಮೂವತ್ತು ವರ್ಷ ಸಭೆಯ ನಡಾವಳಿ ಬರೆದ ಮೇಜು ಈಗಲೂ ಅದೇ ಕಿಟಕಿಯ ಪಕ್ಕ ಇದೆ. ಈಗ ಅಲ್ಲಿ ಒಬ್ಬ ಹುಡುಗಿ ಕೂರುತ್ತಾಳೆ, ತಲೆ ಎತ್ತುವುದೇ ಇಲ್ಲ.

ನನಗೆ ಖುಷಿಯಾಗಿರುವುದಕ್ಕೆ ಇನ್ನೊಂದು ಕಾರಣ ಇದೆ. ನವೆಂಬರಿನಲ್ಲಿ ನಾನು ನೋಡಿಕೊಳ್ಳುವ ನೀರಿನ ಟ್ಯಾಂಕಿನ ಬಗ್ಗೆ ಒಂದು ವರದಿ ಕೊಟ್ಟಿದ್ದೆ. ಎಂಟು ಕಂಬಗಳ ತಲೆಯನ್ನು ಸುತ್ತಿ ಹಿಡಿದಿರುವ ತೊಲೆ ಇದೆಯಲ್ಲ, ಅದರಲ್ಲಿ, ಕೆಳಗೇ ಇರುವ ಶಿಶುವಿಹಾರದ ಕಡೆಗೆ ಬಿರುಕು ಬಿಟ್ಟಿದೆ. ಅಲ್ಲಿಂದ ನೀರು ಜಿನುಗಿ ಬಿಳಿ ಉಪ್ಪಿನಂಥದ್ದು ಕೆಳಗಿಳಿದಿದೆ. ಒಂದು ಕಡೆ ಗಾರೆ ಉದುರಿ ಕಬ್ಬಿಣ ಕಾಣುತ್ತದೆ. ವರದಿಗೆ ಉತ್ತರವೇ ಬಂದಿರಲಿಲ್ಲ. ಈಗ ನೋಡು, ಪ್ರಶಸ್ತಿ! ಯಾರೋ ಓದಿರಬೇಕು. ಬರೆಯುವವನು ಬರೆಯುತ್ತಿದ್ದರೆ ಒಂದಲ್ಲ ಒಂದು ದಿನ ಓದುವವರು ಓದುತ್ತಾರೆ, ಅಲ್ಲವೇ?

ನನ್ನ ಹೆಂಡತಿಗೆ ಹೇಳಿದೆ. ಅವಳು ಶಿಶುವಿಹಾರದ ಕೆಲಸ ಮುಗಿಸಿ ಬಂದು ಮಕ್ಕಳ ಏಪ್ರನ್ ಒಗೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನಮ್ಮಪ್ಪನಿಗೂ ಕೊಟ್ಟಿದ್ರು" ಅಂದಳು. ಅಷ್ಟೇ. ಮಾವನ ವಿಷಯ ಬೇರೆ, ನನ್ನ ವಿಷಯ ಬೇರೆ ಎಂದೆ. ಅವಳು ಏಪ್ರನ್ನುಗಳನ್ನು ಇನ್ನಷ್ಟು ಜೋರಾಗಿ ಹಿಂಡಿದಳು. ಹಾಲು ಉಕ್ಕುವಾಗ ನೀರು ಚಿಮುಕಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

ನೀನು ಬರಬೇಕು. ಅವಳಿಗೂ ನಿನಗೂ ಹನ್ನೊಂದು ವರ್ಷದಿಂದ ಮಾತಿಲ್ಲ, ಕಾರಣವನ್ನು ಇಬ್ಬರೂ ನನಗೆ ಹೇಳಿಲ್ಲ, ನಾನೂ ಕೇಳಿ ಕೇಳಿ ಬಿಟ್ಟಿದ್ದೇನೆ. ಆದರೂ ಬಾ. ಸಭಾಂಗಣದಲ್ಲಿ ಕೂತು ನೋಡು, ನಿನ್ನ ಹಿಂದೆ ಹಿಂದೆ ಲಂಗ ಹಿಡಿದು ಓಡುತ್ತಿದ್ದವನು ವೇದಿಕೆ ಹತ್ತುವುದನ್ನು.

ದಾರಿ ನೋಡುತ್ತಿರುವ
ತಮ್ಮ


ಜನವರಿ 21

ತಮ್ಮಾ,

ನಿನ್ನ ಪತ್ರ ತಲುಪಿತು. ಮಂಡಿ ನೋವು, ಬಸ್ಸಿನಲ್ಲಿ ಏಳು ಗಂಟೆ ಕೂರಲಾರೆ. ಮಗಳು ಅಳಿಯ ಕೂಡ ಬೇಡ ಎನ್ನುತ್ತಾರೆ.

ಕೆಲವು ವಿಷಯ ತಿಳಿಸು. ಪ್ರಶಂಸಾ ಪತ್ರದಲ್ಲಿ ಏನು ಬರೆದಿದ್ದಾರೆ? ಚೆನ್ನಾಗಿ ಬರೆದಿದ್ದಾರೆ ಎಂದು ಬರೆಯಬೇಡ, ಅದರ ಪದಗಳನ್ನೇ ಹಾಗೇ ಇಳಿಸಿ ಕಳಿಸು. ನವೆಂಬರಿನ ವರದಿಗೆ ಆವಕ ಸಂಖ್ಯೆ ಕೊಟ್ಟಿದ್ದಾರೆಯೇ? ಕಚೇರಿಗೆ ಬಂದ ಕಾಗದವನ್ನೆಲ್ಲ ಆವಕ ಪುಸ್ತಕದಲ್ಲಿ ಏರಿಸಿ, ನಂಬರು ಬರೆದು, ಠಸ್ಸೆ ಹೊಡೆದ ಪ್ರತಿಯನ್ನು ನಿನಗೆ ಕೊಡಬೇಕು. ಆ ಪ್ರತಿ ನಿನ್ನ ಹತ್ತಿರ ಇದೆಯೇ? ಸಭೆಯ ವಿಷಯ ಪಟ್ಟಿಯಲ್ಲಿ ಪ್ರಶಸ್ತಿಯ ನಂತರದ ವಿಷಯ ಯಾವುದು?

ಇನ್ನೊಂದು ಮಾತು. ಆ ಸಭೆಯಲ್ಲಿ ಏನಾಗುತ್ತದೆ ಎನ್ನುವುದು ಸಭೆಯ ದಿನ ತೀರ್ಮಾನವಾಗುವುದಲ್ಲ. ನಡಾವಳಿಯನ್ನು ಹಿಂದಿನ ದಿನವೇ ಟೈಪು ಮಾಡಿಡುತ್ತಾರೆ. "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂದು ಮೊದಲೇ ಬರೆದು, ಸೂಚಿಸಿದವರು ಯಾರು, ಅನುಮೋದಿಸಿದವರು ಯಾರು ಎಂಬ ಎರಡು ಜಾಗ ಮಾತ್ರ ಖಾಲಿ ಬಿಡುತ್ತಾರೆ. ನನಗೆ ಗೊತ್ತು, ನಾನೇ ಬಿಡುತ್ತಿದ್ದೆ.

ಆದ್ದರಿಂದ ಯಾವ ಪುಸ್ತಕದಲ್ಲೂ ಓದದೆ ಸಹಿ ಹಾಕಬೇಡ. ಓದಿದ ಮೇಲೂ ಹಾಕಬೇಡ. ನನಗೆ ಮೊದಲು ಬರೆ.

ಅಕ್ಕ


ಜನವರಿ 30

ಅಕ್ಕಾ,

ನಿನ್ನ ಪತ್ರ ನಿನ್ನೆ ಸಿಕ್ಕಿತು. ಸಭೆ ಮೊನ್ನೆಯೇ ಮುಗಿಯಿತು.

ಒಂದು ಒಳ್ಳೆಯ ಮಾತು ಬರೆಯಲು ನಿನಗೆ ಆಗಲಿಲ್ಲವಲ್ಲ ಎಂದು ಬೇಜಾರಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನನ್ನ ಸ್ವಂತ ಅಕ್ಕ ಮಾತ್ರ ಆವಕ ಸಂಖ್ಯೆ ಕೇಳುತ್ತಾಳೆ. ಇರಲಿ. ನೀನು ಬರಲಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ, ಕೇಳು.

ಹನ್ನೊಂದಕ್ಕೆ ಅಂದಿದ್ದ ಸಭೆ ಹನ್ನೆರಡಕ್ಕೆ ಶುರುವಾಯಿತು. ನಮ್ಮನ್ನು, ಅಂದರೆ ಪ್ರಶಸ್ತಿಯ ಮೂವರನ್ನು, ಗೋಡೆ ಬದಿಯ ಬೆಂಚಿನಲ್ಲಿ ಕೂರಿಸಿದ್ದರು. ಕಸದ ಲಾರಿಯ ಡ್ರೈವರು ಒಬ್ಬರು, ಜನನ ಮರಣ ವಿಭಾಗದ ಗುಮಾಸ್ತರು ಒಬ್ಬರು, ನಾನು. ಮೊದಲು ಬೀದಿನಾಯಿಗಳ ವಿಷಯಕ್ಕೆ ಮುಕ್ಕಾಲು ಗಂಟೆ ಹೋಯಿತು. ಒಬ್ಬ ಸದಸ್ಯರು ನಾಯಿಗಳ ಪರ, ಇನ್ನೊಬ್ಬರು ನಾಯಿ ಕಚ್ಚಿದವರ ಪರ. "ನಿಮ್ಮ ವಾರ್ಡಿನ ನಾಯಿ ನಮ್ಮ ವಾರ್ಡಿಗೆ ಯಾಕ್ರೀ ಬರ್ಬೇಕು?" ಎಂದು ಇವರು, "ಅದಕ್ಕೇನು ಪಾಸ್ ಕೊಡ್ಬೇಕಾ?" ಎಂದು ಅವರು. ನಗು ತಡೆಯಲು ಆಗಲಿಲ್ಲ. ಆಮೇಲೆ ಗ್ರಂಥಾಲಯಕ್ಕೆ ಕುರ್ಚಿ, ಸ್ಮಶಾನಕ್ಕೆ ಗೇಟು, ದೀಪದ ಕಂಬ. ಒಬ್ಬ ಹಿರಿಯ ಸದಸ್ಯರು ನಿದ್ದೆ ಮಾಡುತ್ತಿದ್ದರು, ಪ್ರತಿ ವಿಷಯ ಮುಗಿದಾಗ ಕಣ್ಣು ಬಿಡದೆ "ಅನುಮೋದಿಸ್ತೀನಿ" ಅನ್ನುತ್ತಿದ್ದರು.

ಏಳನೇ ವಿಷಯ ನಮ್ಮದು. ಫೋಟೋದವನು ಬಂದ. ನನ್ನನ್ನು ಕೊನೆಗೆ ಕರೆದರು. ಪ್ರಶಂಸಾ ಪತ್ರವನ್ನು ಕಾರ್ಯದರ್ಶಿಗಳೇ ಓದಿದರು. ನೀನು ಕೇಳಿದೆಯಲ್ಲ, ಫ್ರೇಮು ನನ್ನ ಎದುರಿಗೇ ಇದೆ, ನೋಡಿಕೊಂಡು ಬರೆಯುತ್ತಿದ್ದೇನೆ: "ಪ್ರತಿ ವಾರ ತಪ್ಪದೆ ಮೇಲೇರಿ ಟ್ಯಾಂಕಿನ ಅಂಗುಲ ಅಂಗುಲವನ್ನೂ ಖುದ್ದು ಪರಿಶೀಲಿಸಿ, ಅದು ಸುಭದ್ರವಾಗಿದೆಯೆಂದು ದೃಢೀಕರಿಸುತ್ತ, ಅದರ ಸಂಪೂರ್ಣ ಹೊಣೆಯನ್ನು ತಾವೇ ಹೊತ್ತು, ಪಟ್ಟಣದ ನಾಗರಿಕರು ನಿಶ್ಚಿಂತೆಯಿಂದಿರುವಂತೆ ಮಾಡಿದ ನಿಷ್ಠೆಗಾಗಿ." ಎಂಥ ಭಾಷೆ! ನಮ್ಮ ಮೇಷ್ಟರು ಕೇಳಿದ್ದರೆ ಕಣ್ಣೀರು ಹಾಕುತ್ತಿದ್ದರು.

ಸುಭದ್ರ ಎಂದು ನಾನು ಯಾವತ್ತೂ ಹೇಳಿಲ್ಲ, ಅದು ನಿಜ. ಆದರೆ ಹೊಗಳುವಾಗ ನಾಲ್ಕು ಮಾತು ಹೆಚ್ಚು ಹೇಳುತ್ತಾರೆ, ಅಲ್ಲಿ ನಿಂತು ತಿದ್ದಲು ಆಗುತ್ತದೆಯೇ? ಪುಸ್ತಕದಲ್ಲಿ ಸಹಿ ಹಾಕಿದೆ. ಸಹಿಯ ಮೇಲೆ "ಮೇಲ್ಕಂಡ ವಿವರ ನಿಜವೆಂದು ಒಪ್ಪಿ ಸ್ವೀಕರಿಸಿದ್ದೇನೆ" ಎಂದಿತ್ತು. ಎಲ್ಲರೂ ಹಾಕಿದರು. ಅಧ್ಯಕ್ಷರು ಕೈ ಕುಲುಕಿ, "ಇನ್ನು ಟ್ಯಾಂಕಿನ ಚಿಂತೆ ನಮಗಿಲ್ಲಪ್ಪ, ನೀನಿದ್ದೀಯಲ್ಲ" ಅಂದರು. ಜನ ಮತ್ತೆ ಚಪ್ಪಾಳೆ ತಟ್ಟಿದರು.

ಎಂಟನೇ ವಿಷಯ ಬಂದಾಗ ನಾವು ಹೊರಗೆ ಮೆಟ್ಟಿಲ ಮೇಲೆ ಫೋಟೋಕ್ಕೆ ನಿಂತಿದ್ದೆವು. ನೀನು ಕೇಳಿದ್ದಕ್ಕೆ ಇವತ್ತು ಹೋಗಿ ಫಲಕದಲ್ಲಿ ನೋಡಿ ಬಂದೆ. "ನೀರಿನ ಟ್ಯಾಂಕಿನ ದುರಸ್ತಿ ಪ್ರಸ್ತಾಪ. ಸಿಬ್ಬಂದಿಯ ದೃಢೀಕರಣ ತೃಪ್ತಿಕರವಾಗಿರುವುದರಿಂದ ಕೈಬಿಡಲಾಯಿತು."

ಇದರ ಅರ್ಥ ಏನಕ್ಕಾ?

ತಮ್ಮ


ಫೆಬ್ರವರಿ 6

ತಮ್ಮಾ,

ಇದನ್ನು ಕೂತು ಓದು. ಓದಿದ ಮೇಲೆ ನಿನ್ನ ಹೆಂಡತಿಗೆ ಕೊಡು.

ಹನ್ನೊಂದು ವರ್ಷದ ಹಿಂದೆ ನಿನ್ನ ಮಾವನಿಗೆ ಇದೇ ಪ್ರಶಸ್ತಿ ಕೊಟ್ಟರು. ಆಗ ಅವರು ಮಾರುಕಟ್ಟೆ ಕಟ್ಟಡದ ಮೇಲ್ವಿಚಾರಕರು. ಸನ್ಮಾನವಾಗಿ ನಾಲ್ಕು ತಿಂಗಳಿಗೆ ಮಾರುಕಟ್ಟೆಯ ಚಾವಣಿ ಬಿತ್ತು, ಮೂವರು ಸತ್ತರು. ಮೇಲ್ವಿಚಾರಕನ ಉದಾಸೀನ ಎಂದು ಊರೆಲ್ಲ ಹೇಳಿತು. ನೀನೂ ಹಾಗೇ ನಂಬಿದೆ, ಇವತ್ತಿಗೂ ನಂಬಿದ್ದೀಯ, ಇಲ್ಲದಿದ್ದರೆ ಮಾವನ ವಿಷಯ ಬೇರೆ ಎಂದು ಬರೆಯುತ್ತಿರಲಿಲ್ಲ.

ಅವರು ಚಾವಣಿ ಕುಸಿಯುತ್ತಿದೆ ಎಂದು ಎರಡು ಸಲ ಬರೆದುಕೊಟ್ಟಿದ್ದರು. ಎರಡನ್ನೂ ನಾನು ಕಣ್ಣಾರೆ ನೋಡಿದ್ದೇನೆ. "ಇದಕ್ಕೆ ಆವಕ ನಂಬರು ಬೇಡ" ಎಂದರು ಅಂದಿನ ಕಾರ್ಯದರ್ಶಿ. ನಾನು ಹಾಕಲಿಲ್ಲ. ಆಮೇಲೆ ಒಂದು ದಿನ ಕರೆದು, ಮೇಲ್ವಿಚಾರಕರಿಗೆ ಪ್ರಶಸ್ತಿ ಕೊಡೋಣ, ಒಂದು ಒಳ್ಳೆಯ ವಾಕ್ಯ ಬರೆಯಿರಿ ಎಂದರು. ಅದರಲ್ಲಿ ಯಾವ ಯಾವ ಪದ ಬರಬೇಕು ಎಂದೂ ಹೇಳಿದರು. ಖುದ್ದು ಪರಿಶೀಲನೆ. ದೃಢೀಕರಣ. ಸಂಪೂರ್ಣ ಹೊಣೆ. ಸೇರಿಸಿ ಕಟ್ಟಿದವಳು ನಾನು. ನೀನು ಎಂಥ ಭಾಷೆ ಎಂದು ಮೆಚ್ಚಿಕೊಂಡೆಯಲ್ಲ, ಅದು ನನ್ನ ಭಾಷೆ. ಆ ಹುಡುಗಿ ಹಳೇ ಕಡತ ನೋಡಿ ಮಾರುಕಟ್ಟೆ ಎಂದಿದ್ದಲ್ಲಿ ಟ್ಯಾಂಕು ಎಂದು ಮಾಡಿದ್ದಾಳೆ, ಬೇರೇನೂ ಬದಲಾಗಿಲ್ಲ.

ಚಾವಣಿ ಬಿದ್ದ ಮೇಲೆ ತನಿಖೆ ನಡೆಯಿತು. ಕಡತದಲ್ಲಿ ಮೊದಲ ಕಾಗದವೇ ಆ ಪ್ರಶಂಸಾ ಪತ್ರ. ತನಿಖಾಧಿಕಾರಿ ನನ್ನನ್ನು ಕರೆದು ಗಟ್ಟಿಯಾಗಿ ಓದಿ ಅಂದರು. ಓದಿದೆ. ಅವರ ಸಹಿ ಇದೇ ತಾನೇ ಅಂದರು. ಹೌದು ಎಂದೆ. ಬೇರೆ ಏನಾದರೂ ಪತ್ರ ಬಂದಿತ್ತೇ ಎಂದು ಕೇಳಿದರು. ಇಲ್ಲ ಎಂದೆ. ಕೊನೆಯ ಸಾಲಿನಲ್ಲಿ ನಿನ್ನ ಹೆಂಡತಿ ಕೂತಿದ್ದಳು. ಆ ಎರಡು ಅರ್ಜಿಗಳನ್ನು ಅಪ್ಪನ ಪರವಾಗಿ ನನ್ನ ಕೈಗೆ ತಂದುಕೊಟ್ಟವಳು ಅವಳೇ. ನನ್ನನ್ನು ನೋಡಿದಳು, ಎದ್ದು ಹೋದಳು. ಅಂದಿನಿಂದ ಅವಳು ನನ್ನ ಜೊತೆ ಮಾತಾಡಿಲ್ಲ. ನಿನ್ನ ಮಾವ ಜೈಲಿನಲ್ಲಿ ಎರಡನೇ ವರ್ಷಕ್ಕೆ ಹೋಗಿಬಿಟ್ಟರು.

ಅವರು ಅಟ್ಟ ಹತ್ತಿಸಿ ಏಣಿ ತೆಗೆಯುವ ಜನ, ತಮ್ಮಾ. ಟ್ಯಾಂಕು ಬೀಳುತ್ತದೆ ಎಂದು ಅವರಿಗೆ ಗೊತ್ತಿದೆ. ಅದಕ್ಕೇ ಸನ್ಮಾನ. ಕೂಡಲೇ ಇನ್ನೊಂದು ವರದಿ ಬರೆ. ಠಸ್ಸೆ ಬೀಳದೆ ಅಲ್ಲಿಂದ ಏಳಬೇಡ. ಆವಕ ಪುಸ್ತಕದಲ್ಲಿ ನವೆಂಬರಿನ ಪುಟ ನೋಡು.

ಇದನ್ನು ಹನ್ನೊಂದು ವರ್ಷ ಯಾಕೆ ಹೇಳಲಿಲ್ಲ ಎಂದು ನೀನು ಕೇಳುತ್ತೀಯ. ಕೇಳು, ಆದರೆ ಮೊದಲು ಆ ಪುಟ ನೋಡಿ ಬಾ.

ಅಕ್ಕ


ಮಾರ್ಚ್ 9

ಅಕ್ಕಾ,

ತಿಂಗಳು ಬರೆಯಲಿಲ್ಲ. ಬರೆಯಲು ಕೂತರೆ ಕೈಗೆ ಸಿಟ್ಟು ಬರುತ್ತಿತ್ತು.

ನಿನ್ನ ಪತ್ರವನ್ನು ಅವಳಿಗೆ ಕೊಟ್ಟೆ. ಓದಿ ಮಡಚಿ ನನ್ನ ಜೇಬಿಗೇ ಇಟ್ಟಳು. "ನಂಗೆ ಗೊತ್ತಿತ್ತು" ಅಂದಳು. "ಗೊತ್ತಿದ್ದು ಯಾಕೆ ಹೇಳ್ಲಿಲ್ಲ?" ಎಂದೆ. "ನಿಮ್ಮಕ್ಕ ಅಂದ್ರೆ ನಿಮಗೆ ಪ್ರಾಣ. ಹೇಳಿದ್ರೆ ನಂಬ್ತಿದ್ರಾ?" ಎಂದಳು. ನಂಬುತ್ತಿರಲಿಲ್ಲ.

ಆವಕ ಪುಸ್ತಕ ನೋಡಿದೆ. ನವೆಂಬರಿನಲ್ಲಿ ನನ್ನ ಹೆಸರೇ ಇಲ್ಲ. ಹೊಸ ವರದಿ ತೆಗೆದುಕೊಂಡು ಹೋದರೆ ಆ ಹುಡುಗಿ ತಲೆ ಬಗ್ಗಿಸಿಕೊಂಡೇ, "ಸಾಹೇಬ್ರು ಹೇಳದೆ ನಂಬರು ಹಾಕಕ್ಕಾಗಲ್ಲ ಅಣ್ಣಾ" ಎಂದಳು. ಆವಕ ಪುಸ್ತಕ ಮುಚ್ಚಿ ಅದರ ಮೇಲೆ ಕೈ ಇಟ್ಟುಕೊಂಡಳು. ನನಗೆ ನೀನು ನೆನಪಾದೆ, ಜೋರು ಮಾಡಲು ಆಗಲಿಲ್ಲ. ಕಾರ್ಯದರ್ಶಿಗಳ ಹತ್ತಿರವೇ ಹೋದೆ. ಅವರು ನಕ್ಕು, "ಏನಪ್ಪಾ, ಜನವರಿಯಲ್ಲಿ ಸುಭದ್ರ ಅಂತ ಸಹಿ ಹಾಕಿದ್ದೀಯ, ಮಾರ್ಚಲ್ಲಿ ಬೀಳುತ್ತೆ ಅಂತೀಯ. ಯಾವುದು ಸುಳ್ಳು?" ಎಂದರು. ಕುರ್ಚಿ ತೋರಿಸಲಿಲ್ಲ.

ಶಿಶುವಿಹಾರದ ಮಕ್ಕಳ ಚಿತ್ರದ ಪುಸ್ತಕದಿಂದ ಅವಳು ತೆಳ್ಳನೆಯ ಕಾಗದ ತಂದುಕೊಡುತ್ತಾಳೆ. ಅದರ ಪಟ್ಟಿ ಕತ್ತರಿಸಿ, ಹಿಟ್ಟಿನ ಅಂಟಿನಿಂದ ಬಿರುಕಿಗೆ ಅಡ್ಡಲಾಗಿ ಅಂಟಿಸಿ ತಾರೀಖು ಬರೆಯುತ್ತೇನೆ. ಬಿರುಕು ಅಲುಗದಿದ್ದರೆ ಕಾಗದ ಹಾಗೇ ಇರುತ್ತದೆ. ಮೊದಲನೆಯದು ಹನ್ನೆರಡು ದಿನಕ್ಕೆ ಹರಿಯಿತು. ಎರಡನೆಯದು ಐದು ದಿನಕ್ಕೆ. ನಿನ್ನೆ ಬೆಳಿಗ್ಗೆ ಅಂಟಿಸಿದ್ದು ಇವತ್ತು ಬೆಳಿಗ್ಗೆ ಎರಡು ತುಂಡಾಗಿತ್ತು.

ಅದಕ್ಕೆ ಟ್ಯಾಂಕನ್ನು ಅರ್ಧಕ್ಕಿಂತ ಮೇಲೆ ತುಂಬಿಸುತ್ತಿಲ್ಲ. ಯಾರ ಅಪ್ಪಣೆಯೂ ಇಲ್ಲ, ನಾನೇ ಮಾಡುತ್ತಿದ್ದೇನೆ. ಕೊನೆಯ ಬೀದಿಗಳಿಗೆ ನೀರು ಹತ್ತುತ್ತಿಲ್ಲ. ನಿನ್ನೆ ಒಬ್ಬಾಕೆ ಖಾಲಿ ಕೊಡವನ್ನು ನನ್ನ ಕಾಲಬುಡಕ್ಕೆ ಕುಕ್ಕಿ, "ಪ್ರಶಸ್ತಿ ಬಂದ ಮೇಲೆ ನಿಂಗೆ ಕೊಬ್ಬು ಬಂತು" ಎಂದಳು. ಬಿರುಕು ತೋರಿಸುತ್ತೇನೆ ಬಾ ಎಂದೆ. ಕತ್ತು ಎತ್ತಿ ಕೂಡ ನೋಡಲಿಲ್ಲ.

ನೀನು ಬಾಯಿ ಬಿಟ್ಟರೆ ಸಾಕು ಅಕ್ಕಾ. ಮೇಲಿನ ಕಚೇರಿಗೆ ಒಂದು ಪತ್ರ ಬರೆ. ಅಂದು ಹೀಗೆ ಮಾಡಿದೆವು, ಇಂದೂ ಹಾಗೇ ಮಾಡುತ್ತಿದ್ದಾರೆ ಎಂದು. ನಡಾವಳಿ ಬರೆದವಳೇ ಹೇಳಿದರೆ ಯಾರೂ ಅಲ್ಲಗಳೆಯುವ ಹಾಗಿಲ್ಲ.

ತಮ್ಮ


ಮಾರ್ಚ್ 18

ತಮ್ಮಾ,

ಅರ್ಧಕ್ಕಿಂತ ಮೇಲೆ ತುಂಬಿಸಬೇಡ. ಅದು ಸರಿ.

ನೀನು ಕೇಳಿದ್ದು ನನ್ನಿಂದ ಆಗುವುದಿಲ್ಲ. ಅಳಿಯ ಇಲ್ಲಿನ ಪುರಸಭೆಯಲ್ಲಿ ಕೆಲಸಕ್ಕಿರುವುದು ನಿನಗೆ ಗೊತ್ತೇ ಇದೆ. ಅವನ ವರ್ಗಾವಣೆ ನಿಮ್ಮ ಅಧ್ಯಕ್ಷರ ಒಂದು ಮಾತಿನ ಮೇಲೆ ನಿಂತಿದೆ. ನಾನಿರುವುದು ಮಗಳು ಅಳಿಯನ ಮನೆಯಲ್ಲಿ. ಈ ವಯಸ್ಸಿನಲ್ಲಿ ಸುಳ್ಳು ದಾಖಲೆ ಬರೆದವಳು ಎನ್ನಿಸಿಕೊಂಡು ಎಲ್ಲಿಗೆ ಹೋಗಲಿ?

ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರೆ. ನೀನೂ ತಪ್ಪಿಸಿಕೋ. ರಜೆ ಹಾಕು, ಹೆಂಡತಿಯನ್ನು ಕರೆದುಕೊಂಡು ಎಲ್ಲಾದರೂ ಹೋಗು. ನನ್ನ ಹೆಸರು ಬರದ ಹಾಗೆ ಬೇರೆ ಏನು ಬೇಕಾದರೂ ಕೇಳು.

ಅಕ್ಕ


ಮೇ 2

ಅತ್ತಿಗೆಯವರಿಗೆ,

ನಿಮಗೆ ನಾನು ಕಾಗದ ಬರೆಯುವ ದಿನ ಬರುತ್ತದೆ ಎಂದುಕೊಂಡಿರಲಿಲ್ಲ. ನಿಮ್ಮ ತಮ್ಮ ಬರೆಯುವುದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ನಿಮ್ಮ ಕೊನೆಯ ಕಾಗದ ಓದಿದ ಮೇಲೆ ಅವರು ಅದನ್ನು ಹರಿಯಲಿಲ್ಲ, ಬೈಯಲಿಲ್ಲ. ಮಡಚಿಟ್ಟು ಟ್ಯಾಂಕು ಹತ್ತಲು ಹೋದರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಏಪ್ರಿಲ್ ಹತ್ತಕ್ಕೆ ಅವರನ್ನು ಕೆಲಸದಿಂದ ತೆಗೆದರು. ಟ್ಯಾಂಕು ಸುಭದ್ರವಾಗಿದೆ ಎಂದು ತಾನೇ ದೃಢೀಕರಿಸಿ, ಆಮೇಲೆ ಬೇಕೆಂದೇ ಜನರಿಗೆ ನೀರು ತಪ್ಪಿಸಿದ ಎಂದು ಕಾರಣ. ಇಪ್ಪತ್ತೆರಡು ವರ್ಷ ಇವರ ಸೊಂಟದಲ್ಲಿದ್ದ ಬೀಗದ ಕೈಗಳನ್ನು ಇಸಿದುಕೊಂಡರು. ಹೊಸಬನನ್ನು ಉದ್ಯಾನದ ವಿಭಾಗದಿಂದ ತಂದಿದ್ದಾರೆ. ಒಳ್ಳೆಯ ಮನುಷ್ಯ. ಎತ್ತರ ಕಂಡರೆ ತಲೆ ತಿರುಗುತ್ತದಂತೆ. "ಮೇಲೆ ಹೋಗೋ ಕೆಲ್ಸ ಇಲ್ಲ, ವಾಲ್ವು ತಿರುಗಿಸಿದ್ರೆ ಸಾಕು ಅಂದಿದಾರಕ್ಕಾ" ಎಂದು ನನ್ನ ಹತ್ತಿರವೇ ಹೇಳಿದ. ಹನ್ನೆರಡನೇ ತಾರೀಖು ತುಂಬಿಸಿದ. ಅಂದಿನಿಂದ ಟ್ಯಾಂಕು ಪೂರ್ತಿ ತುಂಬಿದೆ.

ನಿಮ್ಮ ತಮ್ಮ ಬೆಳಗಾದರೆ ಮನೆಯ ಮೆಟ್ಟಿಲ ಮೇಲೆ ಕೂರುತ್ತಾರೆ. ಅಲ್ಲಿಂದ ಟ್ಯಾಂಕು ಕಾಣುತ್ತದೆ. ಕೂತು ನೋಡುತ್ತಾರೆ. ಊಟಕ್ಕೆ ಕರೆದರೆ ಬರುತ್ತಾರೆ, ಮತ್ತೆ ಹೋಗಿ ಕೂರುತ್ತಾರೆ. ಮೊನ್ನೆ ಕೇಳಿದೆ, "ಹಿಂಗೆ ನೋಡ್ತಾ ಕೂತ್ರೆ ನಿಲ್ಲುತ್ತಾ ಅದು?" ಅಂತ. "ಬೀಳೋ ಮುಂಚೆ ಸದ್ದು ಮಾಡುತ್ತೆ. ಕೇಳಿಸಿದ್ರೆ ಓಡಿ ಬರ್ತೀನಿ" ಎಂದರು. ಮನೆಯಿಂದ ಶಿಶುವಿಹಾರಕ್ಕೆ ಓಡಿದರೂ ಆರು ನಿಮಿಷ.

ಮಕ್ಕಳ ತಾಯಂದಿರಿಗೆ ಹೇಳಿದೆ. ನೀರು ಕದ್ದವನ ಹೆಂಡತಿ ಹೆದರಿಸಲು ಬಂದಿದ್ದಾಳೆ ಎಂದರು. ಮೇಲಿನವರಿಗೆ ಹೇಳಿದೆ, ಬಾಯಿ ಮುಚ್ಚಿಕೊಂಡಿರದಿದ್ದರೆ ನಿನ್ನನ್ನೂ ತೆಗೆಯುತ್ತೇವೆ ಎಂದರು. ತೆಗೆಯಲಿ, ನನಗೇನೂ ಇಲ್ಲ. ಆದರೆ ನಾನು ಹೋದರೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವವರು ಯಾರು? ಇಪ್ಪತ್ತೆರಡು ಮಕ್ಕಳಿದ್ದಾರೆ. ಬೆಳಿಗ್ಗೆ ಬಂದ ಕೂಡಲೇ ಎಲ್ಲರನ್ನೂ ಟ್ಯಾಂಕಿನಿಂದ ದೂರ, ಅಂಗಳದಾಚೆ ಬೇಲಿಯ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಆಟ, ಹಾಡು, ಹಾಲು, ನಿದ್ದೆ ಎಲ್ಲ ಅಲ್ಲೇ. ಬಿಸಿಲಿಗೆ ಮಕ್ಕಳ ಮುಖ ಕೆಂಪಾಗುತ್ತದೆ. ಒಳಗೆ ಯಾಕೆ ಬೇಡ ಎಂದು ಒಬ್ಬಳು ದಿನಾ ಕೇಳುತ್ತಾಳೆ, ನಾನು ದಿನಾ ಒಂದೊಂದು ಸುಳ್ಳು ಹೇಳುತ್ತೇನೆ. ನನ್ನ ಸುಳ್ಳುಗಳು ಮುಗಿಯುತ್ತ ಬಂದಿವೆ. ಇನ್ನು ಮೂರು ವಾರಕ್ಕೆ ಮಳೆ ಶುರುವಾಗುತ್ತದೆ. ಮಳೆಯಲ್ಲಿ ಯಾವ ಸುಳ್ಳು ಹೇಳಲಿ?

ನಮ್ಮಪ್ಪನ ಎರಡು ಅರ್ಜಿಗಳನ್ನು ನಿಮ್ಮ ಕೈಗೆ ಕೊಟ್ಟಾಗ ನೀವು ನನಗೆ ನೀರು ಕೊಟ್ಟು, "ಯೋಚ್ನೆ ಮಾಡ್ಬೇಡಮ್ಮ, ನಾನಿದೀನಿ" ಎಂದಿದ್ದಿರಿ. ಅದನ್ನು ಹನ್ನೊಂದು ವರ್ಷ ಮರೆತಿಲ್ಲ. ಇವತ್ತು ಸಿಟ್ಟಿನಿಂದ ಬರೆಯುತ್ತಿಲ್ಲ. ನೀವು ಇದ್ದೀರಾ ಎಂದು ಕೇಳುತ್ತಿದ್ದೇನೆ.

ನಿಮ್ಮ ತಮ್ಮನ ಹೆಂಡತಿ


ಪುರಸಭಾ ಕಾರ್ಯಾಲಯ
ಮೇ 14

ನಿವೃತ್ತ ನಡಾವಳಿ ಗುಮಾಸ್ತೆಯವರಿಗೆ,

ಮಾನ್ಯರೇ,

ತಾವು ಅಧ್ಯಕ್ಷರಿಗೆ ಮೇ 7ರಂದು ಬರೆದ ಪತ್ರ ತಲುಪಿರುತ್ತದೆ. ಸೇವಾವಧಿಯಲ್ಲಿ ತಾವು ನಡಾವಳಿಗಳನ್ನು ಸಭೆಗೆ ಮುಂಚಿತವಾಗಿಯೇ ಸಿದ್ಧಪಡಿಸುತ್ತಿದ್ದಿರೆಂದೂ, ಕೆಲವು ಅರ್ಜಿಗಳನ್ನು ದಾಖಲಿಸಲಿಲ್ಲವೆಂದೂ, ತನಿಖೆಯಲ್ಲಿ ಸುಳ್ಳು ನುಡಿದಿರೆಂದೂ, ಟ್ಯಾಂಕನ್ನು ಕೂಡಲೇ ಖಾಲಿ ಮಾಡಬೇಕೆಂದೂ ಅದರಲ್ಲಿ ತಿಳಿಸಿರುತ್ತೀರಿ. ವಯೋಸಹಜವಾಗಿ ನೆನಪು ಹಿಂದುಮುಂದಾಗಿರಬಹುದೆಂದು ಭಾವಿಸಿ ಸದರಿ ಪತ್ರಕ್ಕೆ ಆವಕ ಸಂಖ್ಯೆ ನೀಡಿರುವುದಿಲ್ಲ.

ಟ್ಯಾಂಕು ಪೂರ್ಣ ಮಟ್ಟದಲ್ಲಿದ್ದು, ಸಾರ್ವಜನಿಕರು ಸಂತೋಷದಿಂದಿದ್ದಾರೆ.

ತಮ್ಮ ಸುದೀರ್ಘ ಸೇವೆಯನ್ನು ಇದುವರೆಗೆ ಗುರುತಿಸದಿರುವುದು ಅಧ್ಯಕ್ಷರ ಗಮನಕ್ಕೆ ಬಂದಿದೆ. ಮೇ 28ರ ಸಾಮಾನ್ಯ ಸಭೆಯಲ್ಲಿ, "ಮೂವತ್ತು ವರ್ಷಗಳ ಕಾಲ ಪ್ರತಿ ಸಭೆಯಲ್ಲಿ ಖುದ್ದು ಹಾಜರಿದ್ದು, ನಡೆದುದನ್ನು ನಡೆದಂತೆಯೇ ಒಂದಕ್ಷರವೂ ಹೆಚ್ಚುಕಡಿಮೆಯಾಗದಂತೆ ದಾಖಲಿಸಿದ ಸತ್ಯನಿಷ್ಠೆಗಾಗಿ" ತಮ್ಮನ್ನು ಸನ್ಮಾನಿಸಲು ತೀರ್ಮಾನಿಸಲಾಗಿದೆ. ತಪ್ಪದೆ ಬಂದು ಸ್ವೀಕರಿಸಿ ಸಹಿ ಮಾಡಬೇಕಾಗಿ ಕೋರಿಕೆ.

ತಮ್ಮ ಅಳಿಯನವರ ವರ್ಗಾವಣೆಯ ವಿಷಯವೂ ಅಧ್ಯಕ್ಷರ ಗಮನದಲ್ಲಿರುತ್ತದೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ


ಮೇ 26

ಅಮ್ಮಾ,

ಅಂದು ನೀರು ಕೊಟ್ಟಾಗಿನಂತೆ ನಿನ್ನನ್ನು ಹೀಗೆ ಕರೆಯುವ ಹಕ್ಕು ನನಗಿಲ್ಲ, ಆದರೂ ಕರೆಯುತ್ತಿದ್ದೇನೆ.

ಇದನ್ನು ಅಂಚೆಗೆ ಹಾಕುತ್ತಿಲ್ಲ. ಇವತ್ತಿನ ಬೆಳಗಿನ ಬಸ್ಸಿನ ಡ್ರೈವರು ನನ್ನ ಮಗಳ ಪಕ್ಕದ ಮನೆಯವರು. ಸಂಜೆಯೊಳಗೆ ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾರೆ. ನಾನು ನಾಳೆಯ ಬಸ್ಸಿಗೆ ಬರುತ್ತೇನೆ. ಇವತ್ತೇ ಬರಬೇಕಿತ್ತು. ಅಳಿಯ ಮನೆಯಲ್ಲಿದ್ದಾನೆ, ಬಾಗಿಲಲ್ಲಿ ಅಡ್ಡ ನಿಲ್ಲುತ್ತಾನೆ. ನಾಳೆ ಅವನು ಕೆಲಸಕ್ಕೆ ಹೋದ ಮೇಲೆ ಹೊರಡುತ್ತೇನೆ.

ಅಧ್ಯಕ್ಷರಿಗೆ ನಾನು ಬರೆದೆ, ಅವರ ಉತ್ತರ ಬಂತು, ಅದನ್ನು ಇದರ ಜೊತೆ ಇಟ್ಟಿದ್ದೇನೆ, ಓದು. ನನ್ನನ್ನು ಸನ್ಮಾನಿಸುತ್ತಾರಂತೆ. ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ, ಮೊದಲ ಸಲ ಓದಿದಾಗ ನನಗೆ ಖುಷಿಯಾಯಿತು. ಒಳ್ಳೆಯ ಸೀರೆ ಯಾವುದಿದೆ ಎಂದು ಬೀರು ತೆಗೆದು ನೋಡಿದೆ. ಆಮೇಲೆ ಪತ್ರವನ್ನು ಹಾಸಿಗೆಯ ಕೆಳಗೆ ಇಟ್ಟು ಒಂಬತ್ತು ದಿನ ಅದರ ಮೇಲೆ ಮಲಗಿದೆ. ಆ ಒಂಬತ್ತು ದಿನವೂ ನೀನು ಬಿಸಿಲಲ್ಲಿ ನಿಂತಿದ್ದೆ. ನಿನ್ನೆ ಇಲ್ಲಿ ಮೊದಲ ಮಳೆ ಬಿತ್ತು. ಎದ್ದು ಕೂತೆ.

ಮೇಲಿನ ಕಚೇರಿಯ ಮುಖ್ಯ ಇಂಜಿನಿಯರಿಗೂ ಇವತ್ತೇ ಬರೆದಿದ್ದೇನೆ. ನನ್ನ ಹೆಸರು, ಹುದ್ದೆ, ಸಹಿ ಎಲ್ಲ ಹಾಕಿದ್ದೇನೆ. ಆ ಪತ್ರ ತಲುಪಿ, ಅವರು ಓದಿ, ಹೊರಟು ಬರುವಷ್ಟು ದಿನ ನಮಗಿದೆಯೋ ಇಲ್ಲವೋ ಗೊತ್ತಿಲ್ಲ. ಅದಕ್ಕೆ ಇದನ್ನು ಮಾಡೋಣ. ಇಪ್ಪತ್ತೆಂಟರಂದು ಸಭೆಗೆ ಇಪ್ಪತ್ತೆರಡು ಮಕ್ಕಳನ್ನೂ ಕರೆದುಕೊಂಡು ಬಾ. ಸಭಾಂಗಣದಲ್ಲಿ ಸಾರ್ವಜನಿಕರ ಬೆಂಚುಗಳಿವೆ, ಯಾರು ಬೇಕಾದರೂ ಕೂರಬಹುದು. ಮಕ್ಕಳು ಪುರಸಭೆ ನೋಡಲು ಬಂದಿದ್ದಾರೆ ಎಂದು ಹೇಳು. ಅಧ್ಯಕ್ಷರೇ ತಲೆ ಸವರಿ ಕೂರಿಸುತ್ತಾರೆ, ಫೋಟೋದವನೂ ಇರುತ್ತಾನೆ. ತಮ್ಮನಿಗೆ ಹೇಳು, ಮೆಟ್ಟಿಲಿನಿಂದ ಏಳಲಿ, ಬಿರುಕಿನ ಮೇಲೆ ಹರಿದುಹೋದ ಆ ಕಾಗದದ ಪಟ್ಟಿಗಳನ್ನೆಲ್ಲ ತರಲಿ. ನನ್ನನ್ನು ಕರೆದು ಪುಸ್ತಕ ಮುಂದಿಟ್ಟಾಗ ನಾನು ಸಹಿ ಹಾಕುವುದಿಲ್ಲ. ನಿನ್ನಪ್ಪನ ಅರ್ಜಿಯಲ್ಲಿ ಏನಿತ್ತು ಎಂದು ಹೇಳುತ್ತೇನೆ, ನನಗೆ ಅದು ಬಾಯಿಪಾಠ. ಟ್ಯಾಂಕು ಖಾಲಿಯಾಗುವವರೆಗೆ ಈ ಮಕ್ಕಳು ಇಲ್ಲಿಂದ ಕದಲುವುದಿಲ್ಲ ಎನ್ನುತ್ತೇನೆ. ಅವರು ನಡಾವಳಿಯಲ್ಲಿ ಏನಾದರೂ ಬರೆದುಕೊಳ್ಳಲಿ. ಅಷ್ಟು ಹೊತ್ತಿಗೆ ತಾಯಂದಿರು ಮಕ್ಕಳನ್ನು ಹುಡುಕಿಕೊಂಡು ಬಂದಿರುತ್ತಾರೆ, ಅವರ ಕಿವಿಗೂ ಬೀಳುತ್ತದೆ.

"ನೀವು ಇದ್ದೀರಾ" ಎಂದು ನೀನು ಕೇಳಿದ್ದೆಯಲ್ಲ. ಹನ್ನೊಂದು ವರ್ಷ ಇರಲಿಲ್ಲ ತಾಯಿ. ಈಗ ಬರುತ್ತಿದ್ದೇನೆ.

ನಾಳೆ ಒಂದು ದಿನ ಉಳಿದಿದೆ. ಆಕಾಶ ಇಲ್ಲಿಂದ ನಿಮ್ಮ ಕಡೆಗೇ ಕಪ್ಪಾಗಿದೆ. ನಾಳೆ ಮಕ್ಕಳನ್ನು ಒಳಗೆ ಬಿಡಬೇಡ. ಯಾರು ಬೈದರೂ ಬಿಡಬೇಡ, ಮಳೆ ಹೊಯ್ದರೂ ಬಿಡಬೇಡ. ನೆನೆದರೆ ಶೀತವಾಗುತ್ತದೆ, ಅಷ್ಟೇ.

ನಿನ್ನ ಅತ್ತಿಗೆ